ಕಾಲುಂಗುರಕ್ಕೆ ಶಾಸ್ತ್ರಾಧಾರ

ಹಡಗಿನಲ್ಲಿ ಅಗ್ನಿದೇವನಿಗೆ ಪ್ರವೇಶವಿಲ್ಲ. ಈ ಸಂಗತಿ ನನಗೆ ತಿಳಿದದ್ದು ಠಾಣೆಯ ಮಾಜಿವಾಡಾದ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಕಾಫಿ ಕುಡಿಯುತ್ತಿರುವಾಗ. ಹೋಟೆಲಿನ ಯಜಮಾನರಿಗೆ ಅರವತ್ತು ತುಂಬುವುದರಲ್ಲಿತ್ತು. ಪೌರೋಹಿತ್ಯದ ಭಾಷೆಯಲ್ಲಿ ಕರ್ಮ ಮಾಡಿಸುವವರನ್ನೂ ಯಜಮಾನರೆಂದೇ ಕರೆಯುವುದರಿಂದ ಈ ಬರಹದಲ್ಲಿ ಅವರಿಗೆ ಬೇರೆ ಹೆಸರಿನ ಅಗತ್ಯ ಬೀಳುವುದಿಲ್ಲ.

“ಭಟ್ರೇ, ಷಷ್ಟಿಪೂರ್ತಿ ಹಡಗಿನಲ್ಲಿ,” ಎಂದರು ಅವರು, ಟೋಕನ್ ಕೊಡುತ್ತಾ.

“ಎಂಥ ಹಡಗು?”

“ಕ್ರೂಸು. ಮುಂಬಯಿಂದ ಹೊರಟು, ಲಕ್ಷದ್ವೀಪದ ಕಡೆ ಹೋಗಿ, ವಾಪಸ್ ಮುಂಬಯಿ. ಮಗಳು ಬುಕ್ ಮಾಡಿ ಆಯ್ತು. ಹೋಮ ಮಾತ್ರ ಆಗುದಿಲ್ಲವಂತೆ. ಬೆಂಕಿ ಪೊಟ್ಟಣ ಸಹ ಬಿಡುದಿಲ್ಲವಂತೆ.”

ಸಮುದ್ರಯಾನದಲ್ಲಿ ನನ್ನ ಅನುಭವವೆಂದರೆ ಡೊಂಬಿವಲಿಯಿಂದ ಠಾಣೆಗೆ ಲೋಕಲಿನಲ್ಲಿ ಬರುವಾಗ ಮುಂಬ್ರಾದ ಹತ್ತಿರ ಬಾಗಿಲಿನಲ್ಲಿ ನೇತಾಡುವವರ ಕಂಕುಳ ಸಂದಿಯಿಂದ ಕಾಣುವ ಖಾಡಿಯ ಉಪ್ಪುನೀರು. ಅದರ ಆಚೆಗೆ ಕಡಲು ದಾಟುವುದು ಹಿರಿಯರ ಲೆಕ್ಕದಲ್ಲಿ ದೋಷ. ಎರಡು ದಿನ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ಹೊರಟ ದಡಕ್ಕೇ ಮರಳುವ ಹಡಗು ಸಮುದ್ರವನ್ನು ದಾಟಿದಂತಾಗುವುದಿಲ್ಲ, ಸಮುದ್ರಕ್ಕೆ ಪ್ರದಕ್ಷಿಣೆ ಬಂದಂತಾಗುತ್ತದೆ. ಪ್ರದಕ್ಷಿಣೆ ಪುಣ್ಯಕರ. ಇದಕ್ಕೊಂದು ಶ್ಲೋಕವನ್ನೂ ಹೇಳಿ ಯಜಮಾನರಿಗೆ ಒಪ್ಪಿಗೆ ಕೊಟ್ಟೆ. ಶಾಸ್ತ್ರದ ಮಾತು ಹೇಳುವಾಗ ಶ್ಲೋಕವೊಂದನ್ನು ಮುಂದಿಟ್ಟುಕೊಂಡು ಬರುವುದು ನನ್ನ ಅಭ್ಯಾಸ. ಡೊಂಬಿವಲಿಯಿಂದ ನವಿ ಮುಂಬಯಿವರೆಗೆ ನನ್ನನ್ನು ಕರೆಸುವ ಮನೆಗಳಿಗೆಲ್ಲ ಇದು ಗೊತ್ತು.

ಶಾಂತಿಹೋಮವನ್ನು ವಾರ ಮೊದಲೇ ಎಂಐಡಿಸಿ ರೆಸಿಡೆನ್ಶಿಯಲ್ ಝೋನಿನ ನಮ್ಮ ಮನೆಯಲ್ಲೇ ಮುಗಿಸಿದೆವು. ಬೇರೆ ಕಡೆ ಹೋಮದ ಹೊಗೆಗೆ ಸೊಸೈಟಿಯ ಸೆಕ್ರೆಟರಿ ಮೇಲೆ ಬರುತ್ತಾನೆ. ಕಾರ್ಖಾನೆಗಳ ಹೊಗೆಗೆ ಪಳಗಿದ ನಮ್ಮ ಕಡೆಯ ಮೂಗುಗಳಿಗೆ ಅಷ್ಟು ಸಣ್ಣ ಹೊಗೆ ಲೆಕ್ಕಕ್ಕಿಲ್ಲ. ಹಡಗಿಗೆ ಉಳಿಸಿಕೊಂಡದ್ದು ಕಲಶಪ್ರೋಕ್ಷಣೆ, ಮತ್ತೊಮ್ಮೆ ಮಾಂಗಲ್ಯಧಾರಣೆ, ಆಶೀರ್ವಾದ. ದೀಪದ ಬದಲು ಬ್ಯಾಟರಿಯದ್ದು. ಅದಕ್ಕೆ ಎಣ್ಣೆ ಹಾಕುವ ಕೆಲಸವಿಲ್ಲ, ಶಾಂತವಾಗುವ ಭಯವೂ ಇಲ್ಲ. ಭಕ್ತಿ ಮಾತ್ರ ಸ್ವಲ್ಪ ಕಡಿಮೆ ಬೆಳಗುತ್ತದೆ.

ಬಂದರಿನ ತಪಾಸಣೆಯಲ್ಲಿ ನನ್ನ ಪೂಜಾಚೀಲದಿಂದ ಕರ್ಪೂರ, ಬತ್ತಿ, ಹಣ್ಣು ಕೊಯ್ಯುವ ಚೂರಿ ಹೊರಗೆ ಹೋದವು. ಆಮೇಲೆ ಅಧಿಕಾರಿ ತಳದಲ್ಲಿದ್ದ ಭಾರವಾದ ಡಬ್ಬಗಳನ್ನು ಮುಟ್ಟಿದ. “ಪಂಡಿತ್‌ಜೀ, ಯೇ?” ಅವು ನನ್ನವಲ್ಲ. ಹಿಂದಿನ ದಿನ ಯಜಮಾನರ ಹೆಂಡತಿ, ನಾನು ಅಮ್ಮ ಎಂದು ಕರೆಯುವವರು, “ಇದು ಪ್ರಸಾದ ಭಟ್ರೇ, ನಿಮ್ಮ ಚೀಲದಲ್ಲಿ ಇರ್ಲಿ” ಎಂದು ಇಟ್ಟಿದ್ದರು. ಪ್ರಸಾದ ಎಂದೆ. ಅಧಿಕಾರಿ ಕೈ ಮುಗಿದು ಬಿಟ್ಟ.

ಕ್ಯಾಬಿನ್ನಿನಲ್ಲಿ ಡಬ್ಬಗಳನ್ನು ಬಿಚ್ಚಿದಾಗ ಪ್ರಸಾದದ ಸ್ವರೂಪ ತಿಳಿಯಿತು. ಮಾವಿನ ಮಿಡಿ ಉಪ್ಪಿನಕಾಯಿ, ಬಾಳಕದ ಮೆಣಸು, ಕರಿದ ಹಪ್ಪಳ, ಚಟ್ನಿಪುಡಿ, ಒಂದು ರಾಶಿ ಅವಲಕ್ಕಿ. ಹಡಗಿನ ಅಡುಗೆಮನೆಯಲ್ಲಿ ಒಂದೇ ಸೌಟು ಎಲ್ಲ ಪಾತ್ರೆಗೂ ಇಳಿಯುತ್ತದೆಂಬುದು ಅಮ್ಮನ ಖಚಿತ ನಂಬಿಕೆ. ನನಗೆ ಮಡಿಯ ಪ್ರಶ್ನೆ. ಹೀಗೆ ಬೇರೆಬೇರೆ ಕಾರಣಗಳಿಂದ ನಾವಿಬ್ಬರೂ ಹಡಗಿನ ಊಟವನ್ನು ಬಹಿಷ್ಕರಿಸಿದೆವು. ಕ್ಯಾಬಿನ್ನಿನ ಕೆಟಲಿನಲ್ಲಿ ನೀರು ಕಾಯಿಸಿ ಅವಲಕ್ಕಿ ನೆನೆಸುವುದು, ಚಟ್ನಿಪುಡಿ ಕಲಸುವುದು, ಮಿಡಿ ಕಚ್ಚುವುದು, ಬಾಯಿ ಚಪ್ಪೆಯಾದರೆ ಬಾಳಕ. ಮೂರು ಹೊತ್ತೂ ಇದೇ. ಯಜಮಾನರು ಮಾತ್ರ “ಒಂದೇ ವ್ಯಾಪಾರದವರು, ನೋಡಿ ಬರ್ತೇನೆ” ಎಂದು ಮೇಲಿನ ಮಹಡಿಯ ಊಟದ ಹಾಲಿಗೆ ತಪಾಸಣೆಗೆ ಹೋಗುತ್ತಿದ್ದರು. ಪ್ರತಿ ಹೊತ್ತಿಗೂ ತಪಾಸಣೆ ಇತ್ತು.

ಎರಡನೆಯ ದಿನ ನನ್ನ ಚಪ್ಪಲಿಯ ಪಟ್ಟಿ ಬಿಗಿಯಿತು. ನಿಂತು ಮಾಡುವ, ಕೂತು ಮಾಡುವ ಕೆಲಸ ನನ್ನದು. ಕಾಲು ಜೋಮು ಹಿಡಿಯುವುದು ಹೊಸದಲ್ಲ. ಆದರೆ ಈ ಸಲ ಪಾದದ ಗಂಟೇ ಮಾಯವಾಗಿತ್ತು. ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿದರೆ ಚಪಾತಿ ಹಿಟ್ಟಿನಲ್ಲಿ ಆದಂತೆ ಗುಂಡಿ ಬಿದ್ದು ಹಾಗೇ ಉಳಿಯಿತು. ಅಮ್ಮನ ಕ್ಯಾಬಿನ್ನಿಗೆ ಹೋದರೆ ಅವರೂ ಮಂಚದ ಮೇಲೆ ಕಾಲು ನೋಡಿಕೊಂಡು ಕೂತಿದ್ದರು.

“ನಿಮ್ಮದೂ ಬೀಗಿದೆಯಾ?” ಎಂದರು.

“ಬೀಗಿದೆ.”

“ನೀರು ತುಂಬಿದ್ದು. ಇವತ್ತಿಂದ ನೀರು ಕುಡಿಯುದು ಕಡಿಮೆ ಮಾಡುವ.”

ನನಗೂ ಇದು ತರ್ಕಬದ್ಧವಾಗಿ ಕಂಡಿತು. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ಯುವವರುಂಟೆ? ಹೀಗೆ ಉಪ್ಪನ್ನು ಉಳಿಸಿಕೊಂಡು ನೀರನ್ನು ಬಿಟ್ಟೆವು. ಅಪರಾಧಿಯನ್ನು ಮನೆಯಲ್ಲಿ ಕೂರಿಸಿ ಸಾಕ್ಷಿಯನ್ನು ಹೊರಗೆ ಹಾಕಿದ ಈ ನ್ಯಾಯವಿಧಾನದ ಫಲ ಮೂರನೆಯ ದಿನ ಬೆಳಿಗ್ಗೆ ಕಂಡಿತು. ಅದೇ ಷಷ್ಟಿಪೂರ್ತಿಯ ದಿನ.

ಬೆಳಗಿನ ಸ್ನಾನ ಮುಗಿಸಿ, ಹಡಗಿನವರು ಬಿಟ್ಟುಕೊಟ್ಟಿದ್ದ ಹಾಲಿನಲ್ಲಿ ಜಮಖಾನದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಅಕ್ಕಿ ಹರಡಿ ಕಲಶ ಇಡುತ್ತಿದ್ದೆ. ಯಜಮಾನರ ಮಗಳು ಓಡಿ ಬಂದಳು. ನವಿ ಮುಂಬಯಿಯಲ್ಲಿ ಕೆಲಸ, ಹುಟ್ಟಿ ಬೆಳೆದದ್ದು ಠಾಣೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ.

“ಭಟ್ ಅಂಕಲ್, ಜಲ್ದೀ ಚಲೋ. ಮಮ್ಮೀ ಕೀ ಉಂಗ್ಲೀ ನೀಲೀ ಹೋ ಗಯೀ.”

ಕಲಶವನ್ನು ಹಾಗೇ ಬಿಟ್ಟು ಹೋದೆ. ಅಮ್ಮ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಮದುಮಗಳಂತೆ ಕೂತಿದ್ದರು. ಬಲಗಾಲಿನ ಎರಡನೆಯ ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬುಡದಲ್ಲಿ ಬೆಳ್ಳಿಯ ಕಾಲುಂಗುರ. ಉಂಗುರ ಅನ್ನುವುದಕ್ಕಿಂತ ಗೆರೆ ಎನ್ನಬೇಕು. ಎರಡು ಬದಿಯ ಮಾಂಸ ಉಬ್ಬಿ ಅದನ್ನು ನುಂಗಿತ್ತು. ಮದುವೆಯ ದಿನ ಉಡುಪಿಯ ಅಕ್ಕಸಾಲಿ ಆಚಾರಿ ಮಾಡಿಕೊಟ್ಟ, ಬಾಯಿ ಬೆಸೆದ, ದಪ್ಪ ಉಂಗುರ. ಅಂದಿನಿಂದ ತೆಗೆದದ್ದೇ ಇಲ್ಲ.

ಹಡಗಿನ ಡಾಕ್ಟರು ಆಗಲೇ ಬಂದಿದ್ದರು. ಕಲ್ಯಾಣದ ಕಡೆಯ ಮರಾಠಿ ಹುಡುಗಿ. ಅವರು ಮೊದಲು ಎರಡೂ ಕಾಲುಗಳ ಮೀನಖಂಡಗಳನ್ನು ಮುಟ್ಟಿ ನೋಡಿದರು. ಒಂದೇ ಕಾಲು ಊದಿದೆಯೇ, ಅಲ್ಲಿ ನೋವಿದೆಯೇ, ಉಸಿರು ಕಟ್ಟುತ್ತದೆಯೇ, ಎದೆ ಹಿಡಿಯುತ್ತದೆಯೇ ಎಂದು ಕೇಳಿದರು. ಯಾವುದೂ ಇಲ್ಲ ಎಂದಾದ ಮೇಲೆ ಅಮ್ಮ ದಿನಾ ನುಂಗುವ ಬಿಪಿಯ ಮಾತ್ರೆ ಯಾವುದೆಂದು ನೋಡಿದರು. ಆ ಜಾತಿಯ ಮಾತ್ರೆಗೆ ಕೆಲವರ ಪಾದ ಊದುವುದುಂಟು, ಆದರೆ ನೀವಾಗಿಯೇ ನಿಲ್ಲಿಸಬೇಡಿ, ಊರಿಗೆ ಹೋಗಿ ನಿಮ್ಮ ಡಾಕ್ಟರಿಗೆ ತೋರಿಸಿ ಎಂದರು. ಕೊನೆಗೆ, ಏನು ತಿನ್ನುತ್ತಿದ್ದೀರಿ ಎಂಬ ಪ್ರಶ್ನೆ ಬಂತು.

ಅಮ್ಮ ನನ್ನ ಮುಖ ನೋಡಿದರು. ನಾನು ಡಬ್ಬಗಳ ಮುಖ ನೋಡಿದೆ. ಡಾಕ್ಟರು ಎದ್ದು ಹೋಗಿ ಮಿಡಿಯ ಡಬ್ಬದ ಮುಚ್ಚಳ ತೆಗೆದು, ಮೂಸಿ, ಮುಚ್ಚಿದರು.

“ಕಾಕೂ, ಹೇ ಸಗಳಂ ಮೀಠ ಆಹೇ,” ಎಂದರು. ಬರೀ ಉಪ್ಪು. ಅವರ ವಿವರಣೆ ಇಷ್ಟು: ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ, ನೀರು ಕುಡಿಯುವುದು ಬಿಟ್ಟರೆ ಮೈ ಇನ್ನಷ್ಟು ಜಿಪುಣವಾಗುತ್ತದೆ, ಸೆಕೆ ಬೇರೆ, ಕಾಲು ಇಳಿಬಿಟ್ಟು ದಿನವಿಡೀ ಕೂತದ್ದು ಬೇರೆ. ಊಟದ ಹಾಲಿನಲ್ಲಿಯೂ ಉಪ್ಪು ಇಲ್ಲದಿಲ್ಲ, ಆದರೆ ಇಷ್ಟು ಪ್ರಾಮಾಣಿಕವಾಗಿ ಇಲ್ಲ.

ಬಾಗಿಲ ಬಳಿ ನಿಂತಿದ್ದ ಯಜಮಾನರ ಪಾದಗಳು ಎಂದಿನಂತೆ ತೆಳ್ಳಗಿದ್ದವು. ಅಮ್ಮ ಅವನ್ನು ಬಹಳ ಹೊತ್ತು ನೋಡಿದರು.

“ತಪಾಸಣೆ ಮಾಡ್ಲಿಕ್ಕೆ ಹೋದದ್ದಾ ನೀವು?”

“ಇಡ್ಲಿ ಅಷ್ಟು ಕೆಟ್ಟದಿರ್ಲಿಲ್ಲ,” ಎಂದರು ಯಜಮಾನರು.

ನಗುವ ಸಮಯ ಅಲ್ಲಿಗೆ ಮುಗಿಯಿತು. ಅಮ್ಮನನ್ನು ಮಲಗಿಸಿ, ಕಾಲನ್ನು ದಿಂಬುಗಳ ಮೇಲೆತ್ತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟರು. ಆಮೇಲೆ ಸಾಬೂನಿನ ನೊರೆ. ಎಡಗಾಲಿನ ಉಂಗುರ ಅಷ್ಟಕ್ಕೇ ಜಾರಿ ಬಂತು. ಬಲಗಾಲಿನದು ಅಲುಗಲಿಲ್ಲ. ಡಾಕ್ಟರು ಸಣ್ಣ ಡಬ್ಬಿ ತೆರೆದು ಒಂದು ಸಾಧನ ತೆಗೆದರು. ಉಂಗುರದ ಕೆಳಗೆ ತೂರಿಸಲು ಒಂದು ತೆಳು ನಾಲಗೆ, ಮೇಲಿನಿಂದ ಕೊಯ್ಯಲು ಹಲ್ಲಿನ ಚಕ್ರ, ಅದನ್ನು ತಿರುಗಿಸಲು ಕೀಲಿ.

ಅಮ್ಮ ಕಾಲು ಎಳೆದುಕೊಂಡರು.

“ಜಾರಿಸಿ ತೆಗೀರಿ. ಕತ್ತರಿಸ್ಲಿಕ್ಕೆ ಬಿಡುದಿಲ್ಲ. ಇವತ್ತಂತೂ ಬಿಡುದೇ ಇಲ್ಲ.”

“ಮಮ್ಮೀ, ಝಿದ್ ಮತ್ ಕರೋ!”

“ನಿನಗೆ ಗೊತ್ತಿಲ್ಲ. ಸುಮ್ನಿರು.”

ಮಗಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಹಿಂದಿನ ವರ್ಷ ಯಜಮಾನರು ಗಲ್ಲಾದಲ್ಲಿ ಕೂತಲ್ಲೇ ಎದೆ ಹಿಡಿದು ಒರಗಿದ್ದರು. ಸ್ಟೆಂಟು ಹಾಕಿ ಉಳಿಸಿಕೊಂಡದ್ದು. ಹಾಗೆ ಉಳಿದ ಗಂಡನಿಗೆ ಅರವತ್ತು ತುಂಬುವ ದಿನವೇ ಮುತ್ತೈದೆಯ ಕಾಲುಂಗುರವನ್ನು ಕತ್ತರಿಸುವುದೆಂದರೆ ಅಮ್ಮನ ಪಾಲಿಗೆ ಅದು ಬೆಳ್ಳಿಯ ತುಂಡಲ್ಲ. ಡಾಕ್ಟರು ಬೆರಳ ತುದಿಯನ್ನು ಒತ್ತಿ ನೋಡಿ, ರಕ್ತ ಮರಳುವುದು ನಿಧಾನವಾಗಿದೆ, ಜೋಮು ಹಿಡಿದರೆ ಒಪ್ಪಿಗೆ ಕೇಳುತ್ತಾ ಕೂರುವುದಿಲ್ಲ, ತಡವಾದರೆ ಬೆರಳಿಗೇ ಅಪಾಯ ಎಂದು ಇಂಗ್ಲಿಷಿನಲ್ಲಿ ಮಗಳಿಗೆ ಹೇಳಿದರು.

ಅದಕ್ಕೂ ಮೊದಲು ಒಂದು ಉಪಾಯ ನೋಡೋಣ ಎಂದು ಅವರೇ ಅಂದರು. ಗಟ್ಟಿ ದಾರದ ಒಂದು ತುದಿಯನ್ನು ಉಂಗುರದ ಅಡಿಯಿಂದ ತೂರಿಸುವುದು; ಉಳಿದದ್ದನ್ನು ಉಂಗುರದಿಂದ ಉಗುರಿನ ಕಡೆಗೆ ಬೆರಳಿಗೆ ಒತ್ತೊತ್ತಾಗಿ ಸುತ್ತಿ ಊತವನ್ನು ಅದುಮುವುದು; ಆಮೇಲೆ ತೂರಿಸಿದ ತುದಿಯಿಂದ ಬಿಚ್ಚುತ್ತಾ ಬಂದರೆ, ಬಿಚ್ಚುವ ಸುತ್ತು ಉಂಗುರವನ್ನು ಮುಂದೆ ಮುಂದೆ ನೂಕುತ್ತದೆ. ನನ್ನಲ್ಲಿ ಮಾಂಗಲ್ಯಕ್ಕೆಂದು ತಂದ ಅರಿಶಿನದ ನೂಲಿತ್ತು. “ಅದೇ ಆಗ್ಲಿ,” ಎಂದರು ಅಮ್ಮ, ಅದರಲ್ಲಿ ಮಂತ್ರವಿದೆಯೆಂಬ ಭರವಸೆಯಿಂದ. ಮೂರನೆಯ ಸುತ್ತಿಗೆ ಅದು ಪಟ್ಟನೆ ಹರಿಯಿತು. ಪೂಜೆಯ ನೂಲು ಮಾಡುವವರು ಮಂತ್ರವನ್ನು ನಂಬುತ್ತಾರೆ, ಹುರಿಯನ್ನು ನಂಬುವುದಿಲ್ಲ.

ಡಾಕ್ಟರು ಗಾಯ ಹೊಲಿಯುವ ದಾರ ತೆಗೆದರು. ಅದು ಹರಿಯಲಿಲ್ಲ. ತುಪ್ಪ ಸವರಿ ಬಿಚ್ಚುತ್ತಾ ಬಂದಾಗ ಉಂಗುರ ನಿಜಕ್ಕೂ ಅಕ್ಕಿಕಾಳಿನಷ್ಟು ಮುಂದೆ ಸರಿಯಿತು. ಮಗಳು ಉಸಿರು ಬಿಟ್ಟಳು. ಆದರೆ ಬೆರಳಿನ ಗಂಟಿಗೆ ಬಂದು ನಿಂತಿತು. ಇನ್ನೊಂದು ಸುತ್ತು ಎಳೆದಾಗ ಚರ್ಮ ತರಚಿ ರಕ್ತ ಇಣುಕಿತು. ಅಮ್ಮ ರೇಷ್ಮೆ ಸೆರಗನ್ನು ಬಾಯಿಗೆ ತುರುಕಿಕೊಂಡರು. ಡಾಕ್ಟರು ದಾರ ಬಿಟ್ಟರು.

“ಬಸ್. ಆತಾ ಕಾಪಾಯ್ಲಾಚ ಪಾಹಿಜೇ.” ಇನ್ನು ಕತ್ತರಿಸಲೇಬೇಕು.

ಅಮ್ಮ ಎದ್ದು ಕೂತು ನನ್ನ ಕಡೆ ತಿರುಗಿದರು. “ಭಟ್ರೇ, ನೀವು ಹೇಳಿ. ಶಾಸ್ತ್ರ ಎಂತ ಹೇಳ್ತದೆ?”

ಇಂಥ ಹೊತ್ತಿನಲ್ಲಿ ಪುರೋಹಿತನ ತಲೆಯಲ್ಲಿ ಗ್ರಂಥಗಳು ಸಾಲಾಗಿ ಬಂದು ನಿಲ್ಲುತ್ತವೆ ಎಂದು ಜನ ತಿಳಿದಿದ್ದಾರೆ. ನನ್ನ ತಲೆಯಲ್ಲಿ ಬಂದು ನಿಂತದ್ದು ಆ ನೇರಳೆ ಬಣ್ಣದ ಬೆರಳು. ಊದಿದ ಕಾಲಿನ ಉಂಗುರದ ಬಗ್ಗೆ ಋಷಿಗಳು ಏನೂ ಹೇಳಿದ ನೆನಪು ನನಗಿಲ್ಲ. ಇಲ್ಲ ಎಂದರೆ ಅವರು ಕಾಲು ಕೊಡುವುದಿಲ್ಲ. ದೋಷವಿಲ್ಲ ಎಂದರೆ, ‘ಸಮಾಧಾನಕ್ಕೆ ಹೇಳ್ತೀರಿ’ ಎನ್ನುತ್ತಾರೆ. ಆಗ ಹಾಲಿನಲ್ಲಿ ಅರ್ಧಕ್ಕೆ ಬಿಟ್ಟು ಬಂದ ಕಲಶ ನೆನಪಾಯಿತು, ಅದರ ಮುಂದಿನ ಕರ್ಮ ನೆನಪಾಯಿತು. ಇವತ್ತು ಇವರಿಗೆ ಮದುವೆ.

“ಅಮ್ಮ,” ಎಂದೆ, “ಇವತ್ತು ನೀವು ಮದುಮಗಳು. ಕಾಲುಂಗುರ ಹಾಕಿಕೊಂಡು ಮಂಟಪಕ್ಕೆ ಬರುವ ಮದುಮಗಳು ಉಂಟಾ? ಕಲ್ಲು ತುಳಿಸುವಾಗ ಗಂಡು ತೊಡಿಸಬೇಕು. ಹಳೆಯದು ಕಾಲಲ್ಲಿ ಇದ್ದರೆ ಹೊಸದಾಗಿ ತೊಡಿಸುವುದು ಹೇಗೆ? ಆದ್ದರಿಂದ ಮೊದಲು ಹಳೆಯದು ಬಿಡಬೇಕು. ಅದೂ ಯಾರೋ ತೆಗೆದರೆ ಆಗುವುದಿಲ್ಲ. ಹಾಕಿದವರೇ ತೆಗೆಯಬೇಕು. ಆಮೇಲೆ ಅವರೇ ಹಾಕಬೇಕು.”

ಅಮ್ಮ ಸುಲಭದ ಪೈಕಿ ಅಲ್ಲ. “ಹಾಗಾದ್ರೆ ಕರಿಮಣಿ ತೆಗೀಬೇಕಂತ ಯಾಕೆ ಹೇಳ್ಲಿಲ್ಲ?”

“ಅದು ಕೊರಳು, ಇದು ಕಾಲು. ಪ್ರಕರಣ ಬೇರೆ,” ಎಂದೆ, ಸರ್ವೋಚ್ಚ ನ್ಯಾಯಾಲಯದ ಗಾಂಭೀರ್ಯದಿಂದ.

ಕ್ಯಾಬಿನ್ನಿನಲ್ಲಿ ಎಲ್ಲರೂ ಯಜಮಾನರನ್ನು ನೋಡಿದರು.

“ನಾನಾ?” ಎಂದರು ಅವರು. “ನನಗೆ ಬಗ್ಗಲಿಕ್ಕೆ ಆಗ್ತದಾ ಮಾರಾಯ್ರೇ?”

“ಅವತ್ತು ಬಗ್ಗಿದ್ರಲ್ಲ,” ಎಂದರು ಅಮ್ಮ.

“ಅವತ್ತು ಈ ಹೊಟ್ಟೆ ಇರ್ಲಿಲ್ಲ.”

ಆದರೂ ಮಂಡಿಯೂರಿದರು. ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ನಾನು ಮಗಳ ಮೂಲಕ ವಿಷಯ ತಿಳಿಸಿದಾಗ ಡಾಕ್ಟರು ಒಂದು ಕ್ಷಣ ನನ್ನನ್ನು ಅಳೆದರು, ಆಮೇಲೆ ಸಾಧನದ ನಾಲಗೆಯನ್ನು ತಾವೇ ಉಂಗುರದ ಅಡಿಗೆ ತೂರಿಸಿ, ಗಟ್ಟಿಯಾಗಿ ಹಿಡಿದು, ಕೀಲಿಯನ್ನು ಮಾತ್ರ ಯಜಮಾನರ ಬೆರಳಿಗೆ ಕೊಟ್ಟರು. “ಕಾಕಾ, ಹಳೂ ಹಳೂ.” ಮೆಲ್ಲ ಮೆಲ್ಲಗೆ. ಬಿಸಿಯಾಗದಂತೆ ಮಗಳು ಹನಿಹನಿಯಾಗಿ ನೀರು ಬಿಟ್ಟಳು. ಆ ನೀರು ಕಲಶದ್ದೇ ಆಗಲೆಂದು ನಾನು ಓಡಿ ಹೋಗಿ ತಂದಿದ್ದೆ. ಅಷ್ಟು ದೂರ ಬಂದ ಮೇಲೆ ಅರ್ಧಕ್ಕೆ ನಿಲ್ಲುವುದು ಸರಿಯಲ್ಲ.

ಚಕ್ರ ಕಿರ್ರ್ ಕಿರ್ರ್ ಎಂದಿತು. ಯಜಮಾನರು ಒಂದು ಸುತ್ತು ತಿರುಗಿಸಿ ನಿಲ್ಲಿಸಿದರು.

“ನೋವಾಗ್ತದಾ?”

“ಇಲ್ಲ. ತಿರುಗಿಸಿ.” ಚಕ್ರ ಮತ್ತೆ ಕಿರ್ರೆಂದಾಗ ಅಮ್ಮ ಅಂದರು, “ನಿಮ್ಮನ್ನು ಆಸ್ಪತ್ರೆಯಲ್ಲಿ ಒಳಗೆ ಕರ್ಕೊಂಡು ಹೋದ್ರಲ್ಲ, ಅವತ್ತು ಹೊರಗೆ ಬೆಂಚಿನಲ್ಲಿ ನಾನು ಈ ಉಂಗುರ ಹಿಡ್ಕೊಂಡೇ ಕೂತದ್ದು. ಕಾಲು ಮಡಚಿ. ಯಾರಿಗೂ ಕಾಣದ ಹಾಗೆ.”

ಯಜಮಾನರು ಕೀಲಿ ತಿರುಗಿಸುತ್ತಲೇ ಇದ್ದರು. ಟಿಕ್ ಎಂದು ಸಣ್ಣ ಸದ್ದಾಯಿತು. ಡಾಕ್ಟರು ಎರಡು ಇಕ್ಕಳದಿಂದ ಬಾಯಿ ಅಗಲಿಸಿ ಉಂಗುರ ಹೊರಗೆ ತೆಗೆದರು. ಬೆರಳಿನ ಸುತ್ತ ಆಳವಾದ ಬಿಳಿ ಕಾಲುವೆ. ನಾವೆಲ್ಲ ಅದನ್ನೇ ನೋಡುತ್ತಾ ನಿಂತೆವು. ನೇರಳೆ ನಿಧಾನಕ್ಕೆ ಕೆಂಪಾಯಿತು, ಕೆಂಪು ತಿಳಿಯಾಯಿತು. ಡಾಕ್ಟರು ತುದಿಯನ್ನು ಒತ್ತಿ ಬಿಟ್ಟರು, ಕೂಡಲೇ ರಂಗು ಮರಳಿತು. “ಛಾನ್,” ಎಂದರು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಮುಹೂರ್ತ ಸ್ವಲ್ಪ ಸರಿಯಿತು. ಸಮುದ್ರದ ಮೇಲೆ ಗಡಿಯಾರ ಎಷ್ಟು ಸರಿಯೆಂದು ಯಾರೂ ಕೇಳಲಿಲ್ಲ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು ಮಾಂಗಲ್ಯಧಾರಣೆ ನಡೆಯಿತು. ವಧುವಿನ ಕಾಲು ವರನ ಎದೆಯ ಮಟ್ಟದಲ್ಲಿದ್ದ ಮದುವೆ ನನ್ನ ಅನುಭವದಲ್ಲಿ ಇದೊಂದೇ. ಬ್ಯಾಂಡೇಜಿನ ಬೆರಳಿಗೆ ಏನೂ ಬೇಡವೆಂದು ಡಾಕ್ಟರು ಹೇಳಿದ್ದರಿಂದ, ಪಕ್ಕದ ಬೆರಳಿಗೆ ಅರಿಶಿನದ ನೂಲನ್ನು, ಬೆರಳು ಆಡುವಷ್ಟು ಸಡಿಲವಾಗಿ, ಯಜಮಾನರು ಕಟ್ಟಿದರು. ಎರಡನೆಯ ಸಲ ಬಗ್ಗುವುದು ಅವರಿಗೆ ಸುಲಭವಾಯಿತು.

ಉಳಿದ ದಿನ ಪಥ್ಯ. ಯಜಮಾನರು ಡಬ್ಬಗಳನ್ನೆಲ್ಲ ಕ್ಯಾಬಿನ್ನಿನ ಲಾಕರಿಗೆ ಹಾಕಿ ಬೀಗ ಜಡಿದರು. ಕಾಲು ಬೀಗಿದ್ದಕ್ಕೆ ಉಪ್ಪಿನಕಾಯಿಗೆ ಬೀಗ. ನಾವು ನೀರು ಕುಡಿದೆವು. ಗೋಡೆಗೆ ಕಾಲು ಎತ್ತಿಟ್ಟು ಮಲಗಿದೆವು. ಬೆಳಿಗ್ಗೆ ಸಂಜೆ ಡೆಕ್ಕಿನ ಮೇಲೆ ನಡೆದೆವು. ಊಟದ ಹಾಲಿನಲ್ಲಿ ಮೊಸರನ್ನ, ಹಣ್ಣು, ಉಪ್ಪು ಹಾಕದೆ ಬೇಯಿಸಿದ ತರಕಾರಿ. ನನ್ನ ಮಡಿಯ ವಿಷಯದಲ್ಲಿ ಅಮ್ಮ ಏನೂ ಕೇಳಲಿಲ್ಲ. ಆಪದ್ಧರ್ಮ ಎಂಬ ಅಧ್ಯಾಯವಿದೆ, ಅದಕ್ಕೆ ಶ್ಲೋಕವೂ ಇದೆ. ಊಟಕ್ಕೆ ಕೂರುವ ಮೊದಲು ಗಟ್ಟಿಯಾಗಿ ಹೇಳಿದೆ. ಹಡಗು ಮುಂಬಯಿ ಮುಟ್ಟುವಾಗ ನನ್ನ ಪಾದದ ಗಂಟು ಮರಳಿ ಕಾಣಿಸಿಕೊಂಡಿತು. ಠಾಣೆಯ ಡಾಕ್ಟರು ಅಮ್ಮನ ಬಿಪಿ ಮಾತ್ರೆಯನ್ನು ಬದಲಿಸಿಕೊಟ್ಟರಂತೆ.

ಆಮೇಲೊಂದು ದಿನ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮುಗಿಸಿ ಎಲೆಯ ಮುಂದೆ ಕೂತಾಗ ಬಡಿಸಲು ಬಂದ ಅಮ್ಮನ ಕಾಲು ಕಣ್ಣಿಗೆ ಬಿತ್ತು. ಅದೇ ಉಂಗುರ. ಕತ್ತರಿಸಿದ ಬಾಯಿಯ ಅಂಚನ್ನು ಉಜ್ಜಿ ನುಣುಪು ಮಾಡಿಸಿದ್ದರು, ಬೆಸೆದಿರಲಿಲ್ಲ.

“ಬೆಸೆಸಿಲ್ವಾ ಅಮ್ಮ?”

“ಕಲ್ಯಾಣದ ಆಚಾರಿ ಬೆಸೆದು ಕೊಡ್ತೇನೆ ಅಂದ. ನಾನೇ ಬೇಡ ಅಂದೆ. ಹೀಗೇ ಇರ್ಲಿ. ಬೀಗಿದ್ರೆ ಅದೂ ಸ್ವಲ್ಪ ಬಿಡ್ತದೆ.” ಅನ್ನ ಬಡಿಸಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದರು. “ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಹಾಕಿದವರೇ ತೆಗೀಬೇಕಂತ ಹೇಳಿದ್ರಲ್ಲ, ಅದು ಯಾವ ಶಾಸ್ತ್ರದಲ್ಲೂ ಇಲ್ಲ ಅಲ್ವಾ?”

ನಾನು ಅನ್ನದ ನಡುವೆ ಸಾರಿಗೆ ಗುಂಡಿ ಮಾಡತೊಡಗಿದೆ.

“ನನಗೆ ಅಲ್ಲೇ ಗೊತ್ತಾಯ್ತು. ಶಾಸ್ತ್ರ ಇದ್ದದ್ದಾದ್ರೆ ನೀವು ಒಂದು ಶ್ಲೋಕ ಬಿಡ್ತೀರಿ. ಅವತ್ತು ಬರೀ ಕನ್ನಡದಲ್ಲಿ ಹೇಳಿದ್ರಿ.”

“ಗೊತ್ತಿದ್ದೂ ಮತ್ತೆ ಕಾಲು ಕೊಟ್ಟದ್ದು ಯಾಕೆ?”

“ಅವರು ಬಗ್ತಾರಾ ನೋಡುವ ಅಂತ,” ಎಂದು ಅಮ್ಮ ಒಳಗೆ ನಡೆದರು.

ನನ್ನ ಎಲೆಯ ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ ಬರಬೇಕಾದ ಜಾಗ ಖಾಲಿ ಇತ್ತು. ಹಾಗೆ ಬಡಿಸುವುದು ಕ್ರಮವಲ್ಲ, ಅದಕ್ಕೆ ಆಧಾರವೂ ಉಂಟು. ಹೇಳಲು ಹೋಗಲಿಲ್ಲ. ಸಾರು ಕಲಸಿಕೊಂಡೆ.